ನಕ್ಷೆಯಲ್ಲಿಲ್ಲದ ಬಾಗಿಲು

ಆ ಚಳಿಗಾಲದಲ್ಲಿ ನಾನೂ ನನ್ನ ಗಂಡ ಅಲೋಯಿಸನೂ ನಾಲ್ಕು ತಿಂಗಳು ಏಣಿ ಹತ್ತಿ, ಕಿಟಕಿ ತೂರಿ ಮಲಗಲು ಹೋಗುತ್ತಿದ್ದೆವು. ಮನೆ ನಮ್ಮದೇ. ಮೆಟ್ಟಿಲಿತ್ತು, ಬಾಗಿಲಿತ್ತು, ಬಾಗಿಲಿನ ಬೀಗದ ಕೈ ನನ್ನ ಉಣ್ಣೆ ಅಂಗಿಯ ಜೇಬಿನಲ್ಲೇ ಇತ್ತು. ಆದರೂ ಏಣಿ. ಕೇಳಿದವರು ಬಿದ್ದು ಬಿದ್ದು ನಗುತ್ತಾರೆ, ನಗಲಿ. ನನಗೆ ಮಾತ್ರ ಈಗಲೂ ಗೋಡೆಗೆ ಒರಗಿಸಿದ ಏಣಿ ಕಂಡರೆ ಅಂಗೈ ತಣ್ಣಗಾಗುತ್ತದೆ.

ನಾನು ಎಲ್ಲದಕ್ಕೂ ಹೆದರುವವಳಲ್ಲ. ಗುಡುಗಿಗೆ ಹೆದರುವುದಿಲ್ಲ, ಕಳ್ಳರಿಗೆ ಹೆದರುವುದಿಲ್ಲ, ಪಕ್ಕದ ಮನೆಯ ಗುನ್‌ಹಿಲ್ಡಳ ನಾಲಿಗೆಗೂ ಇಲ್ಲ. ನನಗೆ ಹೆದರಿಕೆ ಕಿಟಕಿ ಲಕೋಟೆಗೆ. ನಮ್ಮ ಹೆಸರು ಒಳಗಿನಿಂದ ಇಣುಕಿ ನೋಡುತ್ತದಲ್ಲ, ಕಚೇರಿಗಳು ಕಳಿಸುವ ಅಂಥದ್ದಕ್ಕೆ. ನನ್ನಮ್ಮ ಬ್ರೆಡ್ ಅಂಗಡಿ ಇಟ್ಟಿದ್ದಳು. ಅಂಥ ಲಕೋಟೆ ಬಂದರೆ ಮೂರು ದಿನ ಅದನ್ನು ಹಿಟ್ಟಿನ ಡಬ್ಬದ ಕೆಳಗೆ ಇಟ್ಟು, ನಾಲ್ಕನೆಯ ದಿನ ಶಿಲುಬೆಯ ಗುರುತು ಮಾಡಿಕೊಂಡು ಒಡೆಯುತ್ತಿದ್ದಳು. ನನಗೆ ಒಂಬತ್ತು ವರ್ಷವಿದ್ದಾಗ ತೆರಿಗೆ ಕಚೇರಿಯವನೊಬ್ಬ ಬಂದು ನಮ್ಮ ಹಿಟ್ಟಿನ ಚೀಲಗಳನ್ನು ಎಣಿಸಿದ. ಒಂದು ಚೀಲವೂ ಹೆಚ್ಚುಕಡಿಮೆ ಇರಲಿಲ್ಲ. ಅವನು ಟೋಪಿ ಎತ್ತಿ ಮರ್ಯಾದೆಯಿಂದ ನಮಸ್ಕಾರ ಹೇಳಿ ಹೋದ. ಅಮ್ಮ ಅವತ್ತು ಸಂಜೆಯೇ ಜ್ವರ ಬಂದು ಮಲಗಿದಳು. ತಪ್ಪು ಮಾಡದವಳ ಗತಿಯೇ ಇದಾದರೆ ಮಾಡಿದವರ ಪಾಡೇನು ಎಂಬ ಪ್ರಶ್ನೆ ಆ ದಿನ ನನ್ನ ಹೊಟ್ಟೆ ಸೇರಿ ಅಲ್ಲೇ ಕೂತುಬಿಟ್ಟಿತು.

ಅಲೋಯಿಸ್ ಮೂವತ್ತೈದು ವರ್ಷ ಈ ಊರಿನ ಹೊಗೆಕೊಳವೆಗಳನ್ನು ಗುಡಿಸಿದವನು. ಕಪ್ಪು ಅಂಗಿ, ಹೆಗಲಿಗೆ ಕುಂಚದ ಹಗ್ಗ, ಕೈಯಲ್ಲಿ ಏಣಿ. ಹೊಸ ವರ್ಷದ ದಿನ ಅವನ ಅಂಗಿಯ ಗುಂಡಿ ಮುಟ್ಟಿದರೆ ಅದೃಷ್ಟ ಎಂದು ಊರಿನ ಮಕ್ಕಳೆಲ್ಲ ಓಡಿಬರುತ್ತಿದ್ದವು. ಐವತ್ತೆಂಟಕ್ಕೆ ಅವನ ಕಿವಿಯೊಳಗೆ ಅದೇನೋ ಕೆಟ್ಟಿತು. ನಿಂತ ನಿಲುವಿನಲ್ಲೇ ತಲೆ ಸುತ್ತತೊಡಗಿತು. ಏಣಿ ಹಾಗಿರಲಿ, ಬಲ್ಬು ಬದಲಿಸಲು ಕುರ್ಚಿಯ ಮೇಲೂ ನಿಲ್ಲಬಾರದು, ಬಿದ್ದರೆ ನಾನು ಜವಾಬ್ದಾರನಲ್ಲ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು. ಊರಿಗೆಲ್ಲ ಅದೃಷ್ಟ ಹಂಚಿದವನು ಮನೆಯಲ್ಲಿ ಕೂತ.

ಹಾಗಾಗಿ ನಾನು ಕೆಲಸ ಶುರು ಮಾಡಿದೆ. ಇಪ್ಪತ್ತು ವರ್ಷ ಚರ್ಚಿನ ದಫ್ತರದಲ್ಲಿ ಜನನ ಮರಣದ ಹಳೆಯ ಪುಸ್ತಕಗಳನ್ನು ನೋಡಿಕೊಂಡಿದ್ದರಿಂದ ನನಗೆ ಒಂದು ವಿದ್ಯೆ ಬರುತ್ತಿತ್ತು: ನಮ್ಮ ಅಜ್ಜ ಅಜ್ಜಿಯರ ಕಾಲದ ಆ ಮೊಳೆ ಮೊಳೆಯಾದ ಕೈಬರಹ ಓದುವುದು. ಎಲ್ಲರ ಮನೆಯ ಅಟ್ಟದಲ್ಲೂ ಪತ್ರದ ಕಟ್ಟುಗಳಿವೆ, ಮೊಮ್ಮಕ್ಕಳಿಗೆ ಅದರಲ್ಲಿ ಒಂದಕ್ಷರವೂ ತಿಳಿಯುವುದಿಲ್ಲ. ಪತ್ರಿಕೆಯಲ್ಲಿ ನಾಲ್ಕು ಸಾಲಿನ ಜಾಹೀರಾತು ಕೊಟ್ಟೆ. ಎರಡು ವಾರದೊಳಗೆ ಅಂಚೆಯವನು ಪೊಟ್ಟಣ ತಂದು ತಂದು ಬೈಯತೊಡಗಿದ. ಅವರು ಪತ್ರ ಕಳಿಸುತ್ತಿದ್ದರು, ನಾನು ಓದಿ ಟೈಪು ಮಾಡಿ ವಾಪಸು ಕಳಿಸುತ್ತಿದ್ದೆ. ಮೇಲಿನ ಮಹಡಿಯಲ್ಲಿ, ಮೆಟ್ಟಿಲು ಹತ್ತಿದೊಡನೆ ಸಿಗುವ ಕೋಣೆಯೇ ನನ್ನ ಕೆಲಸದ ಕೋಣೆಯಾಯಿತು.

ಅಷ್ಟಕ್ಕೇ ನಿಂತಿದ್ದರೆ ಸುಖವಾಗಿರುತ್ತಿದ್ದೆವು. ಆದರೆ ನನಗೊಬ್ಬ ತಮ್ಮನಿದ್ದಾನೆ, ವೆಂಡೆಲಿನ್. ವಿಮೆ ಕಚೇರಿಯಲ್ಲಿ ಕೆಲಸ, ಗೊತ್ತಿಲ್ಲದ ವಿಷಯವೇ ಇಲ್ಲ. ಒಂದು ಭಾನುವಾರ ಕಾಫಿಗೆ ಬಂದವನು, ಮನೆಯಲ್ಲೇ ಕೆಲಸ ಮಾಡುವವರು ಆ ಕೋಣೆಯ ಪಾಲಿನ ಖರ್ಚನ್ನು ಆದಾಯದಲ್ಲಿ ಕಳೆದು ತೋರಿಸಬಹುದು ಎಂದು ಹೇಳಿದ. ಮನೆಯ ಏಳರಲ್ಲೊಂದು ಭಾಗ ನಿನ್ನ ಕೋಣೆಯಾದರೆ ಮನೆ ಬೆಚ್ಚಗಿಡುವ ಎಣ್ಣೆ, ವಿದ್ಯುತ್ತು, ಮನೆಯ ವಿಮೆ ಎಲ್ಲದರಲ್ಲೂ ಏಳರಲ್ಲೊಂದು ಭಾಗ ಕೆಲಸದ ಖರ್ಚು. ಅಷ್ಟಕ್ಕೆ ತೆರಿಗೆ ಇಲ್ಲ. ನನಗೆ ಖುಷಿಯಾಯಿತು. ಆಗ ಅವನು ಬೆರಳೆತ್ತಿದ. ಕೋಣೆ ಕೆಲಸಕ್ಕೆ ಮಾತ್ರ ಇರಬೇಕು. ಇಸ್ತ್ರಿ ಮೇಜು ಕಂಡರೆ ಹೋಯಿತು. ನೆಂಟರ ಮಂಚ ಕಂಡರೆ ಹೋಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಆ ಕೋಣೆ ಇನ್ನೊಂದು ಕೋಣೆಗೆ ದಾರಿಯಾಗಿರಬಾರದು.

"ದಾರಿಯಾಗಿದ್ರೆ ಮುಗೀತು ಅಕ್ಕ," ಎಂದ. "ನಮ್ಮ ಆಫೀಸಿನಲ್ಲಿ ಒಬ್ಬನಿಗೆ ಪೂರಾ ತಿರಸ್ಕಾರ ಮಾಡಿದ್ರು. ದಂಡಾನೂ ಹಾಕಿದ್ರು ಅಂತ ಕಾಣತ್ತೆ."

ಅಂತ ಕಾಣತ್ತೆ ಎಂದನಲ್ಲ, ಪುಣ್ಯಾತ್ಮ, ಅದು ನನ್ನ ಕಿವಿಗೆ ಬೀಳಲೇ ಇಲ್ಲ. ದಂಡ ಮಾತ್ರ ಬಿತ್ತು. ಅವನು ಎರಡನೆಯ ತುಂಡು ಪ್ಲಮ್ ಹಣ್ಣಿನ ಕೇಕು ತಿಂದು ಹೋದ. ನಾನು ಮೆಟ್ಟಿಲು ಹತ್ತಿ ಹೋಗಿ ಆ ಬಾಗಿಲನ್ನೇ ನೋಡುತ್ತಾ ನಿಂತೆ. ನಮ್ಮದು ಹಳೆಯ ಮರದ ಚೌಕಟ್ಟಿನ ಮನೆ, ಕೋಣೆಯೊಳಗಿಂದ ಕೋಣೆ. ನನ್ನ ಕೆಲಸದ ಕೋಣೆಯ ಹಿಂದೆ ಮಲಗುವ ಕೋಣೆ. ಅದಕ್ಕೆ ಇದೊಂದೇ ಬಾಗಿಲು.

ಮಿಕ್ಕದ್ದೆಲ್ಲ ಸರಿ ಮಾಡಬಹುದಿತ್ತು, ಮಾಡಿದೆ. ಇಸ್ತ್ರಿ ಮೇಜು ನೆಲಮಾಳಿಗೆಗೆ ಹೋಯಿತು. ಜಾಮಿನ ಸೀಸೆಗಳು, ಕ್ರಿಸ್‌ಮಸ್ ಅಲಂಕಾರದ ಪೆಟ್ಟಿಗೆ, ಅಲೋಯಿಸನ ಅಕಾರ್ಡಿಯನ್ ಎಲ್ಲ ಹೋದವು. ಆ ವರ್ಷ ಲೆಕ್ಕ ಸಲ್ಲಿಸಿದೆ, ಕೋಣೆಯ ಪಾಲು ಕಳೆದು ತೋರಿಸಿದೆ. ಬೇಸಿಗೆ ಕಳೆದು ಸೆಪ್ಟೆಂಬರಿನಲ್ಲಿ ಕಿಟಕಿ ಲಕೋಟೆ ಬಂತು. ಬೈಗುಳವೇನೂ ಇರಲಿಲ್ಲ. ಮನೆಯ ಒಂದು ನಕ್ಷೆ ಬರೆದು, ಕೆಲಸದ ಕೋಣೆಯನ್ನು ಗುರುತಿಸಿ, ಸಹಿ ಮಾಡಿ ಕಳಿಸಿ ಎಂದು ಎರಡು ಸಾಲು.

ಅಡುಗೆ ಮೇಜಿನ ಮೇಲೆ ಸ್ಕೇಲು ಇಟ್ಟು ನಕ್ಷೆ ಬರೆದೆ. ಮೆಟ್ಟಿಲು ಬಂತು, ಕಿಟಕಿಗಳು ಬಂದವು, ಕೆಲಸದ ಕೋಣೆ ಬಂತು. ಬಾಗಿಲಿನ ಜಾಗಕ್ಕೆ ಬಂದಾಗ ಪೆನ್ಸಿಲು ನಿಂತಿತು. ಬಾಗಿಲು ಬರೆದರೆ ದಾರಿ, ದಾರಿಯಾದರೆ ತಿರಸ್ಕಾರ, ತಿರಸ್ಕಾರವಾದರೆ ಹಿಂದಿನದಕ್ಕೂ ದಂಡ, ದಂಡವಾದರೆ ಅವರು ಮನೆಗೆ ಬಂದು ಚೀಲ ಎಣಿಸುತ್ತಾರೆ. ಬೆರಳು ತಾನಾಗಿಯೇ ಸ್ಕೇಲನ್ನು ಮುಂದೆ ತಳ್ಳಿತು. ಈ ತುದಿಯಿಂದ ಆ ತುದಿಗೆ ನೆಟ್ಟಗೆ ಒಂದು ಗೋಡೆ ಎಳೆದೆ. ಶಾಯಿಯಲ್ಲಿ ತಿದ್ದಿದೆ. ಸಹಿ ಮಾಡಿದೆ. ಅಂಚೆ ಡಬ್ಬಿಗೆ ಹಾಕಿದೆ. ಜೀವಮಾನದಲ್ಲಿ ಮೊದಲ ಸಲ ಸರ್ಕಾರಕ್ಕೆ ಸುಳ್ಳು ಬರೆದು ಕೊಟ್ಟಿದ್ದೆ.

ಬೇರೆ ಯಾರಾದರೂ ಆಗಿದ್ದರೆ ಸುಳ್ಳು ಬರೆದು ಮರೆತು ಹಾಯಾಗಿ ಅದೇ ಬಾಗಿಲಲ್ಲಿ ಓಡಾಡಿಕೊಂಡಿರುತ್ತಿದ್ದರು. ನನ್ನ ಕೈಲಾಗಲಿಲ್ಲ. ಕಾಗದದಲ್ಲಿ ಬಾಗಿಲಿಲ್ಲ ಎಂದ ಮೇಲೆ ಮನೆಯಲ್ಲೂ ಇರಬಾರದು. ಆಗ ನಾನು ಬರೆದದ್ದು ಸುಳ್ಳಲ್ಲ. ಅದೇ ದಿನ ಅಲೋಯಿಸನನ್ನು ಕರೆದು, ಕಡತಗಳ ಓಕ್ ಮರದ ಬೀರುವನ್ನು ಖಾಲಿ ಮಾಡಿ, ಬಾಗಿಲಿಗೆ ಅಡ್ಡ ತಳ್ಳಿಸಿ, ಮತ್ತೆ ತುಂಬಿದೆ. ಮಲಗುವ ಕೋಣೆಯ ಕಿಟಕಿಯ ಕೆಳಗೆ ಸೌದೆ ಕೊಟ್ಟಿಗೆಯ ಇಳಿಜಾರು ಹೆಂಚು. ಅಂಗಳದಿಂದ ಏಣಿ ಇಟ್ಟರೆ ಹೆಂಚು, ಹೆಂಚಿನಿಂದ ಕಿಟಕಿ, ಕಿಟಕಿಯಿಂದ ಮಂಚ. ಆ ಮಂಚವನ್ನಾದರೂ ಕೆಳಗೆ ತರಬಹುದಿತ್ತಲ್ಲ ಎನ್ನಬೇಡಿ. ಅಲೋಯಿಸನ ಅಜ್ಜ ಅದನ್ನು ಆ ಕೋಣೆಯೊಳಗೇ ಕಟ್ಟಿದ್ದು, ಯಾವ ಬಾಗಿಲಲ್ಲೂ ಅದು ಹೊರಗೆ ಬರುವುದಿಲ್ಲ. ಅಡುಗೆಮನೆಯ ಬೆಂಚಿನ ಮೇಲೆ ಮಲಗಿದರೆ ಬೆಳಿಗ್ಗೆ ಅವನ ತಲೆ ಇನ್ನೂ ಹೆಚ್ಚು ಸುತ್ತುತ್ತಿತ್ತು.

ಅವನು ಏಣಿಯನ್ನೂ ನನ್ನನ್ನೂ ಸರದಿಯ ಮೇಲೆ ನೋಡಿದ.

"ಅಲ್ಲ ಕಣೇ ಇರ್ಮೆಲಾ," ಎಂದ. "ಲೋಕದವರೆಲ್ಲ ಸುಳ್ಳು ಬರೆದು ನೆಮ್ಮದಿಯಾಗಿ ಮಲಗ್ತಾರೆ. ನೀನು ಬರೆದ ಸುಳ್ಳನ್ನ ನಿಜ ಮಾಡೋಕೆ ಮುದಿ ಗಂಡನ್ನ ಏಣಿ ಹತ್ತಿಸ್ತೀಯಲ್ಲ, ನಿನ್ನಂಥ ಪ್ರಾಮಾಣಿಕಳು ಎಲ್ಲಾದ್ರೂ ಇದ್ದಾಳಾ?"

ನಾನು ಅತ್ತುಬಿಟ್ಟೆ. ಅವನು ಏಣಿಗೆ ಕೈ ಹಾಕಿದ. ಹತ್ತುವ ಮೊದಲು ಕೆಳಗಿನ ಮೆಟ್ಟಿಲನ್ನು ಬೂಟಿನ ತುದಿಯಿಂದ ಎರಡು ಸಲ ತಟ್ಟಿದ, ಟಕ್ ಟಕ್. ಏಣಿ ಗಟ್ಟಿಯಾಗಿ ನಿಂತಿದೆಯೇ ಎಂದು ನೋಡುವ ಹೊಗೆಕೊಳವೆಯವರ ಚಾಳಿ ಅದು. ಹತ್ತುವಾಗಲೂ ತಟ್ಟುತ್ತಾನೆ, ಇಳಿಯಲು ಮೇಲಿನ ಮೆಟ್ಟಿಲಿಗೆ ಕಾಲಿಡುವಾಗಲೂ ತಟ್ಟುತ್ತಾನೆ. ಮೂವತ್ತೈದು ವರ್ಷದಲ್ಲಿ ಒಂದು ಸಲ ತಪ್ಪಿಸಿದವನಲ್ಲ.

ಅವತ್ತಿನಿಂದ ಅದೇ ನಮ್ಮ ಬದುಕಾಯಿತು. ಅವನು ಹತ್ತುವಾಗ, ಇಳಿಯುವಾಗ ನಾನು ಕೆಳಗೆ ನಿಂತು ಎರಡೂ ಕೈಯಿಂದ ಏಣಿ ಹಿಡಿಯುತ್ತಿದ್ದೆ. ಗುನ್‌ಹಿಲ್ಡ ವಾರಕ್ಕೊಂದು ಮನೆಯವರಂತೆ ಬರುವ ತನ್ನ ಸರದಿಯಲ್ಲಿ ಬೀದಿ ಗುಡಿಸುತ್ತಾ ಕಂಡರೆ ಹೆಂಚು ರಿಪೇರಿ ಎನ್ನುತ್ತಿದ್ದೆವು. ನಾಲ್ಕು ತಿಂಗಳು ಯಾವ ಹೆಂಚು ರಿಪೇರಿಯಾಗುತ್ತದೆ? ಅವಳು ಕೇಳಲಿಲ್ಲ, ಅದೇ ನನಗೆ ಇನ್ನೂ ಹೆಚ್ಚಿನ ಹೆದರಿಕೆಯಾಗಿತ್ತು. ಅವಳ ಬೂದು ಬಣ್ಣದ ಬೆಕ್ಕು ಕೊಟ್ಟಿಗೆಯ ಮೇಲೆ ಕೂತು ನಮ್ಮನ್ನು ನೋಡುತ್ತಿತ್ತು.

ನವೆಂಬರಿನಲ್ಲಿ ಹಿಮ ಬಿತ್ತು. ಒಂದು ಬೆಳಿಗ್ಗೆ ಅಲೋಯಿಸ್ ಏಣಿಯ ನಡುವೆ ನಿಂತುಬಿಟ್ಟ. ಕಣ್ಣು ಮುಚ್ಚಿದ್ದ, ತುಟಿ ಬಿಳಿಚಿತ್ತು, ಹಣೆಯನ್ನು ಏಣಿಗೆ ಒತ್ತಿಕೊಂಡಿದ್ದ. ನಾನು ಕೆಳಗೆ ಏಣಿ ಹಿಡಿದು ನಿಂತೆ. ಸ್ವಲ್ಪ ಹೊತ್ತಾದ ಮೇಲೆ ಇಳಿದು ಬಂದು, ಸುಂದರವಾದ ಬೆಳಗು ನೋಡುತ್ತಿದ್ದೆ ಎಂದ. ಕಣ್ಣು ಮುಚ್ಚಿಕೊಂಡು ನೋಡುವ ಬೆಳಗು ಯಾವುದು? ಅವತ್ತೇ ಕೂತು ತೆರಿಗೆ ಕಚೇರಿಗೆ ತಪ್ಪೊಪ್ಪಿಗೆ ಬರೆದೆ. ಮೂರು ಸಲ ಬರೆದೆ, ಮೂರನ್ನೂ ಒಲೆಗೆ ಹಾಕಿದೆ. ಸಹಿ ಮಾಡಿದ ಸುಳ್ಳಿಗೆ ಏನು ಶಿಕ್ಷೆಯೋ ಯಾರಿಗೆ ಗೊತ್ತು? ಒಂದು ಫೋನು ಮಾಡಿ ಕೇಳಿದ್ದರೆ ತಿಳಿಯುತ್ತಿತ್ತು. ಫೋನು ಮಾಡಿದರೆ ಯಾಕೆ ಕೇಳುತ್ತೀರಿ ಎನ್ನುತ್ತಾರಲ್ಲ! ಹೀಗೆ ಒಂದು ಕಡೆ ಗಂಡನ ತಲೆಸುತ್ತು, ಇನ್ನೊಂದು ಕಡೆ ಆ ಕಾಗದ. ನಾನು ದಿನಾ ಎರಡನ್ನೂ ತೂಗಿ ನೋಡಿ, ದಿನಾ ಏಣಿಯನ್ನೇ ಹಿಡಿದೆ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಇದೇ.

ಜನವರಿ ಎರಡನೆಯ ವಾರ ಮತ್ತೊಂದು ಲಕೋಟೆ. ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಅಧಿಕಾರಿ ಕೆರ್ಸ್ಟಿಂಗ್ ಎಂಬವರು ಕೆಲಸದ ಕೋಣೆ ನೋಡಲು ಬರುತ್ತಾರೆ, ಅನುಕೂಲವಾಗದಿದ್ದರೆ ತಿಳಿಸಿ. ನನಗೆ ಊಟ ಸೇರಲಿಲ್ಲ. ನಿದ್ದೆ ಬರಲಿಲ್ಲ. ಬೀರು ಗೋಡೆಗೆ ಸಮನಾಗಿ ಕಾಣುವಂತೆ ಪಕ್ಕದಲ್ಲಿ ಭೂಪಟ ತೂಗುಹಾಕಿದೆ, ತೆಗೆದೆ, ಮತ್ತೆ ತೂಗುಹಾಕಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಹಾಗೆ ಮೂರು ಮೂರು ಸಲ ಆ ಬೀರುವನ್ನು ಮುಟ್ಟಿ ನೋಡುತ್ತಿದ್ದೆ.

ಗುರುವಾರ ಬೇಳೆ ಸಾರು ಬಡಿಸಿ ಅಲೋಯಿಸನಿಗೆ ಹೇಳಿದೆ: ಮಾತ್ರೆ ತಗೊಂಡು ಮೇಲೆ ಹೋಗಿ ಸ್ವಲ್ಪ ಮಲಗು, ಒಂದೂವರೆಗೆ ನಾನೇ ಬಂದು ಏಣಿ ಹಿಡಿಯುತ್ತೇನೆ, ಇಳಿದು ವೆಂಡೆಲಿನನ ಮನೆಗೆ ಹೋಗಿ ಕೂತಿರು. ಹೂಂ ಎಂದ. ಹನ್ನೆರಡೂವರೆಗೆ ಹತ್ತಿದ. ಟಕ್ ಟಕ್. ನಾನು ಒಳ್ಳೆಯ ಲಂಗ ಉಟ್ಟು, ಮೇಲೆ ಉಣ್ಣೆ ಅಂಗಿ ಹಾಕಿಕೊಂಡು, ನೆಲ ಇನ್ನೊಂದು ಸಲ ಒರೆಸಿದೆ.

ಒಂದು ಇಪ್ಪತ್ತಕ್ಕೆ ಕರೆಗಂಟೆ ಸದ್ದಾಯಿತು.

ನಮ್ಮಲ್ಲಿ ತಡವಾಗಿ ಬಂದರೂ ಕ್ಷಮಿಸಬಹುದು, ನಲವತ್ತು ನಿಮಿಷ ಮುಂಚೆ ಬರುವುದು ಯಾವ ನ್ಯಾಯ? ಬಾಗಿಲಲ್ಲಿ ಮೂವತ್ತರ ಆಸುಪಾಸಿನ ಹೆಂಗಸು, ತಲೆಗೆ ಹೆಣೆದ ಟೋಪಿ, ಕಂಕುಳಲ್ಲಿ ಕಡತ. ಹಿಮದ ದೆಸೆಯಿಂದ ಎರಡು ಗಂಟೆಗೆ ತಲುಪುವ ಬಸ್ಸು ರದ್ದಾಗಿದೆಯಂತೆ, ಮುಂಚಿನದ್ದರಲ್ಲಿ ಬಂದರಂತೆ, ಬೇಕಾದರೆ ಹೊರಗೇ ನಿಲ್ಲುತ್ತಾರಂತೆ. ಹಿಮದಲ್ಲಿ ನಿಲ್ಲಿ ಎನ್ನಲು ಬಾಯಿ ಬರುತ್ತದೆಯೇ? ಬನ್ನಿ ಕೆರ್ಸ್ಟಿಂಗ್ ಮೇಡಂ ಎಂದೆ. ಮೆಟ್ಟಿಲು ಹತ್ತುತ್ತಾ ಗಟ್ಟಿಯಾಗಿ, ಬೇಕೆಂದೇ ಗಟ್ಟಿಯಾಗಿ ಹವಾಮಾನದ ಮಾತಾಡಿದೆ. ಬೀರುವಿನ ಆಚೆಯ ಗೋಡೆ ಬರೀ ಹಲಗೆ. ಆ ಕಡೆ ಸೀನಿದರೆ ಈ ಕಡೆ ಕೇಳುತ್ತದೆ. ಅಲೋಯಿಸ್, ಬಂದಿದ್ದಾಳೆ, ಮಿಸುಕಾಡಬೇಡ ಎಂದು ಮನಸ್ಸಿನಲ್ಲೇ ಕೂಗಿಕೊಂಡೆ.

ಅವಳು ಒಳ್ಳೆಯವಳೇ. ಕೋಣೆಯನ್ನು ನೋಡಿ, ತುಂಬ ಅಚ್ಚುಕಟ್ಟು ಎಂದಳು. ಟೇಪು ಹಿಡಿದು ಉದ್ದ ಅಗಲ ಅಳೆದಳು. ನಕ್ಷೆ ಬಿಚ್ಚಿ ಮೇಜಿನ ಮೇಲೆ ಹರಡಿದಳು. ನನ್ನ ಗೋಡೆ ಅಲ್ಲಿ ಕಪ್ಪಗೆ, ನೆಟ್ಟಗೆ ಮಲಗಿತ್ತು. ಅದರ ಮೇಲೆ ಅವಳ ಪೆನ್ನು ಓಡಾಡಿತು. ಗಿರಾಕಿಗಳು ಮನೆಗೆ ಬರುತ್ತಾರೆಯೇ ಎಂದು ಕೇಳಿದಳು. ಇಲ್ಲ, ಎಲ್ಲ ಅಂಚೆಯಲ್ಲೇ ಎಂದೆ.

ಆಗ ಬೀರುವಿನ ಆಚೆಯಿಂದ ಕಿಟಕಿಯ ಚಿಲಕದ ಕಿರುಗುಟ್ಟುವಿಕೆ ಕೇಳಿತು.

ಆ ಚಿಲಕದ ಸದ್ದು ನನಗೆ ನನ್ನ ಕೆಮ್ಮಿನಷ್ಟೇ ಗೊತ್ತು. ಅವನು ಎದ್ದಿದ್ದಾನೆ, ನಮ್ಮ ಮಾತು ಕೇಳಿದ್ದಾನೆ, ಕೊಟ್ಟ ಮಾತಿನಂತೆ ಸದ್ದಿಲ್ಲದೆ ಜಾರಿಕೊಳ್ಳಲು ಹೊರಟಿದ್ದಾನೆ. ಕೆಳಗೆ ಏಣಿ ಹಿಡಿಯಲು ಯಾರೂ ಇಲ್ಲ. ಹೆಂಚಿನ ಮೇಲೆ ಬೆಳಗಿನಿಂದ ಮಂಜುಗಡ್ಡೆ. ನನ್ನ ಜೀವ ಬಾಯಿಗೆ ಬಂತು. ಬಾಯಿಗೆ ಬಂದದ್ದು ಅಲ್ಲೇ ನಿಂತಿತು, ಮಾತಾಗಲಿಲ್ಲ.

ಮೊದಲು ಹೆಂಚಿನ ಮೇಲೆ ಒಂದು ಹೆಜ್ಜೆ. ಇನ್ನೊಂದು. ಆಮೇಲೆ ಪರಪರನೆ ಉಜ್ಜುತ್ತಾ ಏನೋ ಕೆಳಕ್ಕೆ ಜಾರಿದ ಸದ್ದು, ಅದರ ಹಿಂದೆಯೇ ಅಂಗಳದ ಹಿಮದಲ್ಲಿ ಮೆತ್ತಗೆ ಏನೋ ಬಿದ್ದ ಸದ್ದು.

ಕೆರ್ಸ್ಟಿಂಗ್ ಮೇಡಂ ತಲೆ ಎತ್ತಿದಳು. "ಹೊರಗಡೆ ಯಾರೋ ಇದ್ದ ಹಾಗಿದೆ?"

"ಬೆಕ್ಕು," ಎಂದೆ.

ನಾನೇ ಹೇಳಿದೆ. ಯಾರೂ ನನ್ನ ಕುತ್ತಿಗೆ ಹಿಸುಕಿ ಹೇಳಿಸಲಿಲ್ಲ. "ಪಕ್ಕದ ಮನೆ ಬೆಕ್ಕು, ಮೇಡಂ. ಯಾವಾಗಲೂ ಕೊಟ್ಟಿಗೆ ಮೇಲೆ ಓಡಾಡುತ್ತೆ," ಎಂದು ಇನ್ನಷ್ಟು ಗಟ್ಟಿಯಾಗಿ ಸೇರಿಸಿದೆ. ಅವಳು ಸರಿ ಎಂದು ಪೆನ್ನು ಎತ್ತಿಕೊಂಡಳು.

ಗಿರಾಕಿಗಳ ಪತ್ರಗಳನ್ನು ಎಲ್ಲಿ ಇಡುತ್ತೀರಿ ಎಂದು ಕೇಳಿದಳು. ಬೂದು ರಟ್ಟಿನ ಪೆಟ್ಟಿಗೆ ತೋರಿಸಿದೆ. ಮುಚ್ಚಳ ತೆಗೆದು ವಿವರಿಸಿದೆ ಕೂಡ: ಇದು ಬ್ರೇಮನ್ ಊರಿನ ಒಬ್ಬರದ್ದು, ಅವರ ಮುತ್ತಜ್ಜಿ ಯುದ್ಧಕ್ಕೆ ಹೋದ ಗಂಡನಿಗೆ ಬರೆದದ್ದು, ಒಟ್ಟು ನಲವತ್ತೊಂದು. ನನ್ನ ಧ್ವನಿ ಬೇರೆ ಯಾರದ್ದೋ ಹಾಗೆ ಸರಾಗವಾಗಿ ಹರಿಯುತ್ತಿತ್ತು. ಕಿವಿ ಮಾತ್ರ ಆಚೆ ಇತ್ತು. ಏಣಿಯ ಮೇಲಿನ ಮೆಟ್ಟಿಲಿನ ಆ ಟಕ್ ಟಕ್‌ಗಾಗಿ ಕಾಯುತ್ತಿದ್ದೆ. ಅದು ಕೇಳಿದರೆ ಸಾಕು, ಅವನು ಇಳಿಯುತ್ತಿದ್ದಾನೆ, ನಾನು ಗೆದ್ದೆ. ಈಗ ಕೇಳುತ್ತದೆ, ಈಗ ಕೇಳುತ್ತದೆ. ಅವಳು ಇನ್ನೊಂದು ಪ್ರಶ್ನೆ ಕೇಳಿದಳು, ಈ ಕಂಪ್ಯೂಟರನ್ನು ಮನೆಯವರು ಬಳಸುತ್ತಾರೆಯೇ ಎಂದು. ಅದಕ್ಕೂ ಉತ್ತರ ಕೊಟ್ಟೆ.

ಟಕ್ ಟಕ್ ಇಲ್ಲ. ಕೂಗಿಲ್ಲ. ನರಳಾಟವಿಲ್ಲ. ಏನೂ ಇಲ್ಲ. ಅಷ್ಟು ನಿಶ್ಶಬ್ದವನ್ನು ನಾನು ಆ ಮನೆಯಲ್ಲಿ ಎಂದೂ ಕೇಳಿರಲಿಲ್ಲ. ಆಗ ಹಿಮದಲ್ಲಿ ಬಿದ್ದದ್ದು ಏಣಿ ಎಂದು ಹೊಳೆಯಿತು. ಏಣಿ ಕೆಳಗಿದ್ದರೆ ಅವನು ಎಲ್ಲಿದ್ದಾನೆ?

ಪೆಟ್ಟಿಗೆಯನ್ನು ಕೈಬಿಟ್ಟೆ. ಬ್ರೇಮನ್ನಿನ ಮುತ್ತಜ್ಜಿಯ ಪತ್ರಗಳೆಲ್ಲ ನೆಲಕ್ಕೆ ಚೆಲ್ಲಿದವು. ಬೀರುವಿಗೆ ಭುಜ ಕೊಟ್ಟು ತಳ್ಳಿದೆ; ಕಡತ ತುಂಬಿದ ಓಕ್ ಮರ, ಒಂದು ಬೆರಳಿನಷ್ಟೂ ಅಲುಗಲಿಲ್ಲ.

"ಇಲ್ಲೊಂದು ಬಾಗಿಲಿದೆ," ಎಂದೆ. "ನನ್ನ ಗಂಡ ಆಚೆ ಇದ್ದಾನೆ. ಬೆಕ್ಕಲ್ಲ. ನಾನು ಸುಳ್ಳು ಹೇಳಿದೆ. ನಕ್ಷೆನೂ ಸುಳ್ಳು. ತಳ್ಳಿ ಮೇಡಂ, ದಮ್ಮಯ್ಯ, ತಳ್ಳಿ."

ಅವಳು ಕಡತ ಕೆಳಗಿಟ್ಟು ನನ್ನ ಪಕ್ಕಕ್ಕೆ ಬಂದು ಬೀರುವಿಗೆ ಬೆನ್ನು ಕೊಟ್ಟಳು. ಇಬ್ಬರೂ ಸೇರಿ ತಳ್ಳಿದೆವು. ಜೇಬಿನಿಂದ ಕೀಲಿ ತೆಗೆದೆ. ಎರಡು ಸಲ ತಪ್ಪಿ ಮೂರನೆಯ ಸಲ ತೂತಿಗೆ ಹೋಯಿತು. ಮಲಗುವ ಕೋಣೆಯ ಕಿಟಕಿ ಹಾರುಹೊಡೆದಿತ್ತು, ಮಂಚದ ಮೇಲೆಲ್ಲ ಚಳಿಗಾಳಿ.

ಅವನು ಹೆಂಚಿನ ಮೇಲೆ ಬೋರಲು ಮಲಗಿದ್ದ. ಹಿಮ ಜಾರದಂತೆ ಹಾಕಿದ ಕಬ್ಬಿಣದ ಸರಳನ್ನು ಎರಡೂ ಕೈಯಿಂದ ಹಿಡಿದಿದ್ದ, ಮೊಣಕಾಲಿನಿಂದ ಕೆಳಗೆ ಕಾಲುಗಳು ಅಂಗಳದ ಮೇಲೆ ನೇತಾಡುತ್ತಿದ್ದವು. ಕೆನ್ನೆ ಮಂಜುಗಡ್ಡೆಗೆ ಒತ್ತಿತ್ತು. ಕಣ್ಣು ಬಿಗಿಯಾಗಿ ಮುಚ್ಚಿತ್ತು. ಅಲೋಯಿಸ್ ಎಂದೆ. ಕಣ್ಣು ತೆರೆಯದೆ ಪಿಸುಗುಟ್ಟಿದ:

"ಹೋದಳಾ?"

"ಇಲ್ಲ, ಇಲ್ಲೇ ಇದ್ದೀನಿ," ಎಂದಳು ನನ್ನ ಹಿಂದಿನಿಂದ ಕೆರ್ಸ್ಟಿಂಗ್ ಮೇಡಂ. "ಅಲ್ಲಾಡಬೇಡಿ. ನಾನು ಕೆಳಗೆ ಹೋಗಿ ಏಣಿ ಇಡ್ತೀನಿ."

ಅವಳು ಮೆಟ್ಟಿಲಲ್ಲಿ ಧಡಧಡನೆ ಓಡಿದಳು. ನಾನು ಹಾಸಿಗೆಯ ಚಾದರ ಎಳೆದು, ಒಂದು ತುದಿಯನ್ನು ಮಂಚದ ಕಾಲಿಗೆ ಕಟ್ಟಿ, ಇನ್ನೊಂದನ್ನು ಅವನ ಮಣಿಕಟ್ಟಿನ ಹತ್ತಿರಕ್ಕೆ ಬಿಟ್ಟೆ. ಒಂದು ಕೈ ಬಿಡಲು ಅವನಿಗೆ ಧೈರ್ಯ ಬರಲಿಲ್ಲ. ಬಿಡಬೇಡ, ಹಾಗೇ ಇರು, ಹಾಗೇ ಇರು ಎನ್ನುತ್ತಿದ್ದೆ. ಬೇರೆ ಮಾತು ಬರುತ್ತಿರಲಿಲ್ಲ. ಕೆಳಗೆ ಆಫೀಸಿನ ಬೂಟಿನಲ್ಲಿ ಮೊಣಕಾಲಿನವರೆಗೆ ಹಿಮದಲ್ಲಿ ನಿಂತು ಅವಳು ಏಣಿ ಎತ್ತಿ ಒರಗಿಸಿದಳು, ಅವನ ಎಡಗಾಲನ್ನು ತಾನೇ ಹಿಡಿದು ಮೆಟ್ಟಿಲಿನ ಮೇಲೆ ಇಟ್ಟಳು. ಅವನು ಆ ಸ್ಥಿತಿಯಲ್ಲೂ ತಟ್ಟಿದ. ಟಕ್ ಟಕ್. ಆಗ ನಾನು ಕಿಟಕಿಯ ಕೆಳಗೆ ಕೂತುಬಿಟ್ಟೆ.

ಅವನನ್ನು ಅಡುಗೆಮನೆಯ ಒಲೆಯ ಪಕ್ಕ ಕೂರಿಸಿ, ಕಂಬಳಿ ಹೊದೆಸಿ, ನಾವಿಬ್ಬರೂ ಮೇಲೆ ಹೋದೆವು. ಅವಳ ಕಾಲುಚೀಲ ಒದ್ದೆಯಾಗಿ ನೀರು ತೊಟ್ಟಿಕ್ಕುತ್ತಿತ್ತು. ನಾನು ಎರಡೂ ಕೈ ಕಟ್ಟಿಕೊಂಡು ಥೇಟ್ ನನ್ನಮ್ಮನ ಹಾಗೆ ನಿಂತೆ. ದಂಡ ಎಷ್ಟು, ಜೈಲೂ ಇದೆಯೇ ಎಂದು ಕೇಳಿದೆ. ಅವಳು ತೆರೆದ ಬಾಗಿಲನ್ನು ನೋಡಿದಳು, ಮಂಚ ನೋಡಿದಳು, ಕಿಟಕಿ ನೋಡಿದಳು. ಯಾವಾಗಿನಿಂದ ಹೀಗೆ ಎಂದಳು. ಸೆಪ್ಟೆಂಬರಿನಿಂದ ಎಂದೆ. ಅವಳು ಕುರ್ಚಿಯ ಮೇಲೆ ಕೂತುಕೊಂಡಳು.

"ಹಾಫ್ನರ್ ಅವರೇ," ಎಂದಳು, ನಮ್ಮ ಮನೆತನದ ಹೆಸರು ಹಿಡಿದು. "ಮಲಗೋ ಕೋಣೆಗೆ ಹೋಗೋಕೆ ಕೆಲಸದ ಕೋಣೆ ದಾಟೋದು ಲೆಕ್ಕಕ್ಕೇ ಇಲ್ಲ. ಕೋರ್ಟು ಎಂದೋ ಹೇಳಿಬಿಟ್ಟಿದೆ. ಮನೆಯವರೆಲ್ಲ ದಿನವಿಡೀ ಓಡಾಡೋ ದಾರಿಯಾದ್ರೆ ಮಾತು ಬೇರೆ. ರಾತ್ರಿ ಒಂದ್ಸಲ, ಬೆಳಿಗ್ಗೆ ಒಂದ್ಸಲ ದಾಟಿದ್ರೆ ನಾವು ಕೇಳೋದೇ ಇಲ್ಲ. ಒಂದು ಫೋನು ಮಾಡಿದ್ರೆ ಹೇಳ್ತಿದ್ದೆವಲ್ಲ."

ನೂರು ವರ್ಷದ ಹಿಂದೆ ಸಿಪಾಯಿಗಳು ಯುದ್ಧದ ಕಂದಕದಲ್ಲಿ ಕೂತು ಪೆನ್ಸಿಲಿನಲ್ಲಿ ಗೀಚಿದ್ದನ್ನು ಓದಬಲ್ಲವಳು ನಾನು. ಬಾಯಿಬಿಟ್ಟು ಒಂದು ಮಾತು ಕೇಳಲಾರದೆ ಹೋದೆ. ಅವಳು ಖಾಲಿ ಹಾಳೆ ಮುಂದಿಟ್ಟು, ಬಾಗಿಲು ಹಾಕಿ ಇನ್ನೊಂದು ನಕ್ಷೆ ಬರೆದುಕೊಡಿ, ತಪ್ಪನ್ನು ನೀವೇ ತಿದ್ದಿದಿರಿ ಎಂದು ನಮೂದಿಸುತ್ತೇನೆ ಎಂದಳು. ಅಷ್ಟೇನಾ ಎಂದೆ. ಅಷ್ಟೇ ಎಂದಳು. ಬರೆದೆ. ಬಾಗಿಲಿನ ಗೆರೆ ಡೊಂಕಾಯಿತು. ಅವಳು ಅಲೋಯಿಸನ ಒಣ ಕಾಲುಚೀಲ ಹಾಕಿಕೊಂಡು ಬಸ್ಸಿಗೆ ಹೋದಳು. ಚೆಲ್ಲಿದ ಪತ್ರಗಳನ್ನು ಆರಿಸುತ್ತಾ ಗಡಿಯಾರ ನೋಡಿ ಲೆಕ್ಕ ಹಾಕಿದೆ. ಬೆಕ್ಕು ಎಂದ ಹೊತ್ತಿನಿಂದ ಬೀರು ತಳ್ಳಿದ ಹೊತ್ತಿಗೆ ನಾಲ್ಕು ನಿಮಿಷವಾದರೂ ಆಗಿತ್ತು.

ಕೆಳಗೆ ಹೋದೆ. ಅವನ ಅಂಗೈಗಳಲ್ಲಿ ಸರಳಿನ ಗುರುತು ಕೆಂಪಗೆ ಎದ್ದಿತ್ತು, ಬೆರಳು ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. ಬೋಗುಣಿಯಲ್ಲಿ ಬಿಸಿನೀರು ತಂದು ಅವನ ಪಾದಗಳನ್ನು ಇಳಿಸಿದೆ. ಎಲ್ಲವನ್ನೂ ಹೇಳಿದೆ, ದಾಟಬಹುದಿತ್ತಂತೆ, ಮೊದಲ ದಿನದಿಂದಲೇ ದಾಟಬಹುದಿತ್ತಂತೆ. ಅವನು ತಲೆಯಾಡಿಸಿದ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ ಅವನ ಮೇಲೆಯೇ ಹಾಯ್ದೆ.

"ಬಾಯಿ ಇರಲಿಲ್ವಾ ನಿಂಗೆ? ಅಷ್ಟು ಹೊತ್ತು ನೇತಾಡ್ತಿದ್ದೆಯಲ್ಲ, ಒಂದು ಸಲ ಕೂಗಬಾರದಾಗಿತ್ತಾ?"

ಅವನು ನೀರಿನಲ್ಲಿ ಕಾಲ್ಬೆರಳು ಆಡಿಸಿದ.

"ಕೂಗೋಣ ಅಂತಲೇ ಇದ್ದೆ," ಎಂದ. "ಅಷ್ಟರಲ್ಲಿ ನೀನು ಬೆಕ್ಕು ಅಂದಿದ್ದು ಕೇಳಿಸ್ತು. ನಿಂಗೆ ಇನ್ನೂ ಸ್ವಲ್ಪ ಹೊತ್ತು ಬೇಕೇನೋ ಅಂತ ಹಿಡ್ಕೊಂಡಿದ್ದೆ."

ನಾನು ನೆಲದ ಮೇಲೆ ಕೂತಿದ್ದೆ. ಅವನು ನನ್ನ ಮುಖ ನೋಡಿದ. ನಗಿಸಲೆಂದು, ಮೆಲ್ಲಗೆ, ಮಿಯಾಂವ್ ಎಂದ.

ನನಗೆ ನಗಲಾಗಲಿಲ್ಲ. ಟವೆಲು ತೆಗೆದುಕೊಂಡು ಅವನ ಪಾದ ಒರೆಸಿದೆ, ಮೊದಲು ಬಲಗಾಲು, ಆಮೇಲೆ ಎಡಗಾಲು.